ಮಾರಿಸ್ ಸೆಂಡಾಕ್ ಮತ್ತು ಚಿತ್ರಪುಸ್ತಕದ ಪರಂಪರೆ

ಮಕ್ಕಳ ಸಾಹಿತ್ಯದಲ್ಲಿ ಚಿತ್ರಪುಸ್ತಕವೆಂಬುದು ಚಿತ್ರಗಳಿರುವ ಕಥೆಪುಸ್ತಕಕ್ಕಿಂತ ಬೇರೆಯಾದ ಪ್ರಕಾರ. ಕಥೆಪುಸ್ತಕದಲ್ಲಿ ಮಾತು ಹೇಳಿದ್ದನ್ನೇ ಚಿತ್ರ ಅಲಂಕರಿಸುತ್ತದೆ, ಅದನ್ನು ತೆಗೆದರೂ ಕಥೆಗೆ ಊನವಾಗದು. ಚಿತ್ರಪುಸ್ತಕದಲ್ಲಾದರೋ ಮಾತು ಬಿಟ್ಟದ್ದನ್ನು ಚಿತ್ರವೂ ಚಿತ್ರ ಬಿಟ್ಟದ್ದನ್ನು ಮಾತೂ ತುಂಬುವುದರಿಂದ ಒಂದನ್ನು ಕಳೆದರೆ ಇನ್ನೊಂದು ಅರೆಬರೆಯಾಗುತ್ತದೆ. ಇದರ ಆಧುನಿಕ ರೂಪದ ಮೂಲವನ್ನು, 1878ರಿಂದ ಮುದ್ರಕ ಎಡ್ಮಂಡ್ ಇವಾನ್ಸ್ ಜೊತೆಗೂಡಿ ಪುಸ್ತಕಗಳನ್ನು ತಂದ ಇಂಗ್ಲೆಂಡಿನ ರ‍್ಯಾಂಡಾಲ್ಫ್ ಕಾಲ್ಡೆಕಾಟ್‌ನಲ್ಲಿ ಗುರುತಿಸುವುದು ವಾಡಿಕೆ. ತಟ್ಟೆಯೊಂದು ಚಮಚದೊಡನೆ ಓಡಿಹೋಯಿತೆಂದು ಶಿಶುಪ್ರಾಸ ಮುಗಿದ ಮೇಲೂ ಅವನ ಚಿತ್ರ ಮುಂದುವರಿದು, ಒಡೆದು ಬಿದ್ದ ತಟ್ಟೆಯನ್ನೂ, ಫೋರ್ಕು ಮತ್ತು ಚಾಕುಗಳು ಹಿಡಿದೊಯ್ಯುತ್ತಿರುವ ಚಮಚವನ್ನೂ ತೋರಿಸುತ್ತದೆ. ಪದ್ಯದಲ್ಲಿಲ್ಲದ ದುಃಖವೊಂದು ಚಿತ್ರದಿಂದಲೇ ಕಥೆಯೊಳಗೆ ಬರುತ್ತದೆ.

ಕಾಲ್ಡೆಕಾಟ್‌ನ ಈ ವಿದ್ಯೆಯನ್ನು ಬಹಿರಂಗವಾಗಿ ತನ್ನ ಆಸ್ತಿಯೆಂದು ಒಪ್ಪಿಕೊಂಡು ಮುಂದಕ್ಕೆ ಒಯ್ದವನು ಅಮೆರಿಕದ ಮಾರಿಸ್ ಸೆಂಡಾಕ್ (1928–2012). ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಕಾಯಿಲೆಗಳಿಂದಾಗಿ ಬಾಲ್ಯದ ಬಹುಭಾಗವನ್ನು ಮನೆಯೊಳಗೇ ಕಳೆದ ಅವನು, ನ್ಯೂಯಾರ್ಕಿನ ಆಟಿಕೆ ಅಂಗಡಿಯೊಂದರ ಪ್ರದರ್ಶನ ಕಿಟಕಿಗಳನ್ನು ಸಿಂಗರಿಸುವ ಕೆಲಸದಲ್ಲಿದ್ದಾಗ ಹಾರ್ಪರ್ ಪ್ರಕಾಶನದ ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಾಮ್ ಅವರ ಕಣ್ಣಿಗೆ ಬಿದ್ದನು. ರೂತ್ ಕ್ರಾಸ್ ಅವರ 1952ರ ಪುಸ್ತಕಕ್ಕೆ ಬರೆದ ಚಿತ್ರಗಳಿಂದ ಹೆಸರಾದರೂ, ಮಾತು ಮತ್ತು ಚಿತ್ರ ಎರಡೂ ತನ್ನವೇ ಆದಾಗ ಏನು ಸಾಧ್ಯವೆಂಬುದು ತಿಳಿದದ್ದು 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಕೃತಿಯಲ್ಲಿ.

ತೋಳದ ವೇಷ ತೊಟ್ಟು ರಂಪ ಮಾಡಿದ ಮ್ಯಾಕ್ಸ್ ಎಂಬ ಹುಡುಗನನ್ನು ತಾಯಿ ಊಟವಿಲ್ಲದೆ ಕೋಣೆಗೆ ಅಟ್ಟುತ್ತಾಳೆ, ಅವನು ಮೃಗಗಳ ದ್ವೀಪಕ್ಕೆ ಹೋಗಿ ರಾಜನಾಗಿ ಹಿಂದಿರುಗುತ್ತಾನೆ ಎಂಬಷ್ಟೇ ಕಥೆಯಿರುವ ಈ ಪುಸ್ತಕದ ನಿಜವಾದ ಕಥನ ಪುಟದ ಅಳತೆಯಲ್ಲಿದೆ. ಆರಂಭದ ಚಿತ್ರ ಬಿಳಿಯ ಅಂಚಿನ ನಡುವೆ ಚಿಕ್ಕದಾಗಿ ಕೂತಿದೆ. ಹುಡುಗನ ಸಿಟ್ಟು ಏರಿದಂತೆ ಅದು ಹಿಗ್ಗುತ್ತದೆ, ಕೋಣೆಯಲ್ಲಿ ಕಾಡು ಬೆಳೆದಾಗ ಬಲಪುಟವನ್ನು ಆವರಿಸುತ್ತದೆ, ಆಮೇಲೆ ಎಡಪುಟಕ್ಕೂ ಹರಿದು, ಮೃಗಗಳ ಕುಣಿತ ಬರುವಾಗ ಮೂರು ಜೋಡಿಪುಟಗಳಿಂದ ಮಾತನ್ನೇ ಹೊರದೂಡುತ್ತದೆ. ಮ್ಯಾಕ್ಸ್ ಮನೆಗೆ ಮರಳಿದಂತೆ ಚಿತ್ರವೂ ಹಿಂದೆ ಸರಿಯುತ್ತದೆ, ಕೊನೆಯ ಪುಟದಲ್ಲಿ ಮಾತು ಮಾತ್ರ ಉಳಿಯುತ್ತದೆ. ತಾಯಿಯ ಮುಖವನ್ನು ಎಲ್ಲಿಯೂ ತೋರಿಸದೆ, ಕಾದಿರಿಸಿದ ಊಟದಲ್ಲಿ ಅವಳ ಕ್ಷಮೆಯನ್ನು ಕಾಣಿಸಿರುವುದೂ, ಮೊದಲು ಕಿಟಕಿಯಲ್ಲಿ ಬಾಗಿದ ಕುಡುಗೋಲಿನಂತಿದ್ದ ಚಂದ್ರ ಕಡೆಗೆ ಪೂರ್ಣನಾಗಿರುವುದೂ ಇದೇ ಕುಶಲತೆಯ ಭಾಗ.

1964ರಲ್ಲಿ ಈ ಕೃತಿಗೆ ದೊರೆತದ್ದು ಕಾಲ್ಡೆಕಾಟ್ ಹೆಸರಿನ ಪದಕವೇ. ಆದರೂ ಮನೋವಿಶ್ಲೇಷಕ ಬ್ರೂನೋ ಬೆಟಲ್‌ಹೈಮ್, ಪುಸ್ತಕವನ್ನು ಓದದೆಯೇ, ಊಟ ಕೊಡದ ತಾಯಿಯ ಚಿತ್ರಣ ಮಗುವನ್ನು ಹೆದರಿಸುತ್ತದೆಂದು 1969ರಲ್ಲಿ ಆಕ್ಷೇಪಿಸಿದನು. ಭಯ ಮಗುವಿನೊಳಗೆ ಮೊದಲೇ ಇರುತ್ತದೆ, ಅದಕ್ಕೆ ಆಕಾರ ಸಿಕ್ಕಾಗಲೇ ಅದು ಹತೋಟಿಗೆ ಬರುತ್ತದೆ ಎಂಬ ಸೆಂಡಾಕ್‌ನ ನಂಬಿಕೆಯನ್ನು ಈ ಆಕ್ಷೇಪ ಮುಟ್ಟಲಾರದು. ಅದಕ್ಕಿಂತ ತೂಕದ ಪ್ರಶ್ನೆ ಇನ್ನೊಂದಿದೆ: ಹಡಗೇರಿ ಹೋದವನು ಕಂಡ ಪ್ರಾಣಿಗಳಿಗೆಲ್ಲ ಒಡೆಯನಾಗುವ ಕಲ್ಪನೆಯಲ್ಲಿ ವಸಾಹತುಶಾಹಿಯ ನೆರಳಿದೆಯೆಂಬ ಓದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮುಂದಿನ ಕೃತಿಗಳ ಬೆಲೆ ಒಂದೇ ಸಮನಾಗಿಲ್ಲ. ‘ಇನ್ ದ ನೈಟ್ ಕಿಚನ್’ (1970) ವಿನ್ಸರ್ ಮೆಕೇಯ ಪತ್ರಿಕಾ ಚಿತ್ರಕಥೆಗಳ ಚೌಕಟ್ಟುಗಳನ್ನು ಬಳಸಿಕೊಂಡು ಹಿಟ್ಟಿನೊಳಗೆ ಬೀಳುವ ಹುಡುಗನನ್ನು ಉಲ್ಲಾಸದಿಂದ ಚಿತ್ರಿಸಿತು. ಅವನು ಬೆತ್ತಲೆಯೆಂಬ ಕಾರಣಕ್ಕೆ ಕೆಲವು ಗ್ರಂಥಪಾಲಕರು ಚಿತ್ರದ ಮೇಲೆ ಚಡ್ಡಿ ಬರೆದದ್ದು ಕೃತಿಯ ದೋಷವೇನಲ್ಲ. ‘ಔಟ್‌ಸೈಡ್ ಓವರ್ ದೇರ್’ (1981) ತಂಗಿಯನ್ನು ಕಾಯಬೇಕಾದ ಅಕ್ಕನ ಬೇಸರ ಮತ್ತು ಅಪರಾಧಭಾವವನ್ನು ಆಳವಾಗಿ ಹಿಡಿದರೂ, ಜರ್ಮನ್ ರಮ್ಯ ಚಿತ್ರಕಲೆ ಮತ್ತು ಮೊಜಾರ್ಟ್‌ನ ಸೂಚನೆಗಳ ಭಾರವನ್ನು ಹೊತ್ತಿದೆ. ಮನೆಯಿಲ್ಲದ ಮಕ್ಕಳನ್ನು ಕುರಿತ 1993ರ ಪುಸ್ತಕದಲ್ಲಿ ಈ ಭಾರ ಮಿತಿಮೀರಿ, ವಯಸ್ಕ ವ್ಯಾಖ್ಯಾನಕಾರನ ನೆರವಿಲ್ಲದೆ ಮಗು ಪುಟ ತಿರುವಲಾರದ ಸ್ಥಿತಿ ಬಂದಿದೆ.

ಮೃಗಗಳನ್ನೂ ರಂಪವನ್ನೂ ಅನುಕರಿಸಿದವರು ಹಲವರಿದ್ದರೂ, ಭಾವದ ಏರಿಳಿತಕ್ಕೆ ಪುಟದ ಅಳತೆಯನ್ನು ಹೊಂದಿಸಿದ ಶಿಸ್ತೇ ಈ ಪರಂಪರೆಗೆ ಸೆಂಡಾಕ್ ಕೊಟ್ಟ ಸ್ಥಿರವಾದ ಕೊಡುಗೆ. ಆದ್ದರಿಂದ ಚಿತ್ರಪುಸ್ತಕವನ್ನು ವಿಮರ್ಶಿಸುವವರು ಕಥಾಸಾರ ಮತ್ತು ನೀತಿಯನ್ನು ಹೇಳಿ ಮುಗಿಸದೆ, ಅಂಚು, ಅಳತೆ ಮತ್ತು ಪುಟ ತಿರುವುವ ಗಳಿಗೆಯನ್ನೂ ಪಠ್ಯವೆಂದೇ ಓದಬೇಕು.