ನಿಲ್ಲಿಸದೆ ಮಾತಾಡಿಸುವ ಕಲೆ

ಸೇವೆ ತೆವಳುತ್ತಿದೆ, ಲಾಗ್‌ನಲ್ಲಿ ಕಾರಣ ಕಾಣುತ್ತಿಲ್ಲ. ‘ಡೀಬಗ್ ಹಾಕಿ ರೀಸ್ಟಾರ್ಟ್ ಮಾಡಿ’ ಎನ್ನುತ್ತಾರೆ ಆತುರಗಾರರು. ಮಾಡಿದಿರೋ, ತುಂಬಿ ನಿಂತ ಕನೆಕ್ಷನ್ ಪೂಲ್, ಒಂದನ್ನೊಂದು ಕಾಯುತ್ತ ಕೂತ ಥ್ರೆಡ್‌ಗಳು ಎಲ್ಲ ಒಟ್ಟಿಗೇ ಅಳಿಸಿಹೋಗುತ್ತವೆ. ರೋಗದ ಜೊತೆ ಸಾಕ್ಷಿಯೂ ಮಾಯ. ಪ್ರೋಗ್ರಾಂ ಓಡುತ್ತಿರುವಾಗಲೇ ಲಾಗ್ ಮಟ್ಟ ಬದಲಿಸಬೇಕು ಎನ್ನುವುದು ಇದಕ್ಕೇ.

ದಾರಿಗಳಿಗೇನೂ ಬರವಿಲ್ಲ. ಲಾಗ್‌ಬ್ಯಾಕ್‌ನಲ್ಲಿ ಸ್ಕ್ಯಾನ್ ಆನ್ ಮಾಡಿಟ್ಟರೆ, ಬೇರೆ ಅವಧಿ ಕೊಡದ ಹೊರತು, ನಿಮಿಷಕ್ಕೊಮ್ಮೆ ತನ್ನ ಕಾನ್ಫಿಗ್ ಫೈಲನ್ನು ತಾನೇ ನೋಡಿಕೊಳ್ಳುತ್ತದೆ. ರೆಡಿಸ್‌ಗೆ ‘ಕಾನ್ಫಿಗ್ ಸೆಟ್’ ಆಜ್ಞೆ ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬ ಡೇಟಾಬೇಸ್ ಬಳಕೆದಾರನಿಗಷ್ಟೇ ಬೇರೆ ಮಟ್ಟ ಕೊಡಬಹುದು. ಅವನ ಮುಂದಿನ ಸೆಷನ್‌ನಿಂದ ಅದು ಜಾರಿಗೆ ಬರುತ್ತದೆ.

ನನಗೆ ಹೆಚ್ಚು ಒಗ್ಗಿದ್ದು ಸ್ಪ್ರಿಂಗ್ ಬೂಟ್‌ನ ಆಕ್ಚುವೇಟರ್. 2017ರ 1.5ನೇ ಆವೃತ್ತಿಯಲ್ಲಿ ಅದಕ್ಕೆ ಲಾಗರ್ಸ್ ಎಂಬ ಎಂಡ್‌ಪಾಯಿಂಟ್ ಬಂತು. ಪ್ರತಿ ಲಾಗರ್‌ಗೆ ನಾವು ಕೊಟ್ಟ ಮಟ್ಟ ಯಾವುದು, ವಾಸ್ತವದಲ್ಲಿ ನಡೆಯುತ್ತಿರುವ ಮಟ್ಟ ಯಾವುದು ಎಂದು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಒಂದು ಪೋಸ್ಟ್ ರಿಕ್ವೆಸ್ಟ್ ಕಳಿಸಿದರೆ ಆ ಕ್ಷಣವೇ ಬದಲಾವಣೆ.

ಆದರೆ ಎಲ್ಲಿ ಬದಲಿಸುತ್ತೀರಿ ಎಂಬುದರಲ್ಲಿದೆ ಕೈಚಳಕ. ರೂಟ್ ಲಾಗರ್‌ಗೇ ಡೀಬಗ್ ಹಾಕಿದರೆ ಎಲ್ಲ ಲೈಬ್ರರಿಗಳೂ ಒಮ್ಮೆಲೇ ಬಾಯಿ ತೆರೆಯುತ್ತವೆ. ಡಿಸ್ಕ್ ತುಂಬುತ್ತದೆ, ಬೇಕಾದ ಸಾಲು ಸಿಗುವುದಿಲ್ಲ. ಡೇಟಾಬೇಸ್ ಮೇಲೆ ಅನುಮಾನವಿದ್ದರೆ ಹೈಬರ್ನೇಟ್‌ನ ಎಸ್‌ಕ್ಯೂಎಲ್ ಲಾಗರ್ ಒಂದನ್ನೇ ಡೀಬಗ್‌ಗೆ ಇಳಿಸಿ. ಲೋಡ್ ಬ್ಯಾಲೆನ್ಸರ್ ಹಿಂದೆ ಹತ್ತು ಪಾಡ್‌ಗಳಿದ್ದರೆ ನಿಮ್ಮ ರಿಕ್ವೆಸ್ಟ್ ಯಾವುದೋ ಒಂದಕ್ಕೆ ಮಾತ್ರ ತಲುಪುತ್ತದೆ; ತೊಂದರೆಯಲ್ಲಿರುವ ಪಾಡ್‌ಗೇ ನೇರವಾಗಿ ಕಳಿಸಬೇಕು. ಈ ಎಂಡ್‌ಪಾಯಿಂಟ್ ಹೊರಜಗತ್ತಿಗೆ ತೆರೆದಿರಲೂಬಾರದು: ಡೀಬಗ್ ಸಾಲುಗಳಲ್ಲಿ ಟೋಕನ್, ಫೋನ್ ನಂಬರ್ ಎಲ್ಲ ನುಸುಳಬಹುದು.

ಪಳಗಿದವರು ಗೊತ್ತಾಗುವುದು ಮುಗಿಸುವಾಗ. ಕೆಲಸವಾದ ಮೇಲೆ ಹಲವರು ಮಟ್ಟವನ್ನು ‘ಇನ್ಫೋ’ ಎಂದು ಬರೆದು ಎದ್ದುಹೋಗುತ್ತಾರೆ. ಆ ಲಾಗರ್‌ಗೆ ಈಗ ಸ್ವಂತ ಮಟ್ಟ ಅಂಟಿಕೊಂಡಿದೆ. ನಾಳೆ ಮೇಲಿನ ಲಾಗರ್ ಅನ್ನು ‘ವಾರ್ನ್’ಗೆ ಏರಿಸಿದರೂ ಇದು ಕೇಳುವುದಿಲ್ಲ. ಮೊದಲು ಅದಕ್ಕೆ ಸ್ವಂತ ಮಟ್ಟವಿರಲಿಲ್ಲ ಎಂದಾದರೆ ಕಳಿಸಬೇಕಾದ್ದು ‘ನಲ್’. ಆಗ ಅದು ಮತ್ತೆ ಮೇಲಿನವರ ಮಾತಿಗೆ ಬರುತ್ತದೆ. ಆದ್ದರಿಂದ ಡೀಬಗ್ ಕಳಿಸುವ ಮೊದಲೇ ಹಿಂದಿನ ಸ್ಥಿತಿ ಓದಿಕೊಂಡು, ಹಿಂತಿರುಗಿಸುವ ಆಜ್ಞೆಯನ್ನು ಪಕ್ಕದ ಟರ್ಮಿನಲ್‌ನಲ್ಲಿ ಟೈಪ್ ಮಾಡಿಟ್ಟುಕೊಳ್ಳಿ.