ಕಾಂಟೆಸ್ಸಾದ ನಾಡಿ ಬಲ್ಲವರು

ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸ್ಸಾ ಒಂದು ಕಾಲಕ್ಕೆ ಸಾಹುಕಾರರ ಕಾರು. ಚಳ್ಳಕೆರೆ–ಮೊಳಕಾಲ್ಮೂರು ದಾರಿಯ ಬಿರುಬಿಸಿಲಿಗೆ ಅದರ ಇಂಜಿನ್ ಕಾದರೆ ಇಲ್ಲಿನ ಹಳೇ ಮೆಕ್ಯಾನಿಕ್‌ಗಳು ತಟ್ಟನೆ ಸ್ಪ್ಯಾನರ್ ಎತ್ತುವುದಿಲ್ಲ. ರೇಡಿಯೇಟರಿನ ಎರಡೂ ಪೈಪು ಮುಟ್ಟಿ ನೋಡುತ್ತಾರೆ. ಮೇಲಿನದು ಸುಡುತ್ತಾ ಕೆಳಗಿನದು ತಣ್ಣಗಿದ್ದರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ಥರ್ಮೋಸ್ಟಾಟನ್ನು ಬಿಚ್ಚಿ ಕುದಿಯುವ ನೀರಿಗೆ ಹಾಕುತ್ತಾರೆ. ಬಾಯಿ ಬಿಡದಿದ್ದರೆ ಕಳ್ಳ ಸಿಕ್ಕ.

ಕಷ್ಟವೆಲ್ಲ ಬಿಡಿಭಾಗದ್ದು. ಕ್ಲಾಸಿಕ್ ಮಾದರಿಯ 1.8 ಲೀಟರ್ ಇಸುಜು ಇಂಜಿನ್ನಿನ ಸಾಮಾನು ಬೇಕೆಂದರೆ ಹಳೆಯದನ್ನೇ ಕಾಗದದಲ್ಲಿ ಸುತ್ತಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಜೋಡಿ ಹುಡುಕಬೇಕು. ಗ್ಯಾಸ್ಕೆಟ್ಟಿಗಂತೂ ಇವರು ಅಲೆಯುವುದೇ ಇಲ್ಲ. ಭಾಗದ ಮೇಲೆ ಹಾಳೆ ಹಾಸಿ, ಅಂಚಿನುದ್ದಕ್ಕೂ ಸುತ್ತಿಗೆಯಿಂದ ನವಿರಾಗಿ ತಟ್ಟಿ ಆಕಾರ ಬಿಡಿಸುತ್ತಾರೆ. ಡಬ್ಬಿಯಲ್ಲಿ ಬಂದದ್ದಕ್ಕಿಂತ ಇದರ ಮೇಲೆಯೇ ನನಗೆ ಹೆಚ್ಚು ನಂಬಿಕೆ.