ಎರಡನೇ ಪರದೆಯ ಸೊಗಸು

ಕರ್ನಾಟಕದ ತಾಲ್ಲೂಕು ಕಚೇರಿಗಳಲ್ಲಿ ಜಮೀನಿನ ಪಹಣಿಯನ್ನು ಕಂಪ್ಯೂಟರಿನಿಂದ ಕೊಡುವ 'ಭೂಮಿ' ಕೇಂದ್ರಗಳು ಹೊಸದಾಗಿ ಶುರುವಾದಾಗ ಕೌಂಟರಿನಲ್ಲಿ ಎರಡು ಮಾನಿಟರ್ ಇರುತ್ತಿದ್ದವು. ಒಂದರ ಮುಖ ಆಪರೇಟರ್ ಕಡೆಗೆ, ಇನ್ನೊಂದರದ್ದು ರೈತನ ಕಡೆಗೆ. ಒಳಗೆ ಕೂತವರು ಸರ್ವೆ ನಂಬರ್ ಒತ್ತಿದರೆ ಹೊರಗೆ ನಿಂತವರಿಗೂ ಅದೇ ಕಾಣುತ್ತಿತ್ತು. ತನ್ನ ಹೆಸರು ಸರಿಯಾಗಿ ಬಿತ್ತೇ, ಹಿಸ್ಸಾ ನಂಬರ್ ಪಕ್ಕದವರದ್ದಾಯಿತೇ ಎಂದು ಕಿಟಕಿಯ ಈಚೆಯಿಂದಲೇ ನೋಡಿ, "ಅದಲ್ಲ ಸ್ವಾಮಿ, ಅದರ ಕೆಳಗಿಂದು" ಅನ್ನಬಹುದಿತ್ತು.

ಈ ಎರಡನೇ ಪರದೆ ನನಗೆ ಬಹಳ ಇಷ್ಟ. ಪಹಣಿ ಕೊಡುವುದಕ್ಕೆ ಅದು ಬೇಕಾಗಿಯೇ ಇಲ್ಲ. ಅದಿಲ್ಲದೆಯೂ ಸಾಫ್ಟ್‌ವೇರ್ ಓಡುತ್ತದೆ, ಪ್ರಿಂಟರ್ ಮುದ್ರಿಸುತ್ತದೆ, ಹಣ ಜಮೆಯಾಗುತ್ತದೆ. 'ಏನೇನು ಬೇಕು ಹೇಳಿ' ಎಂದು ಮೀಟಿಂಗ್ ಕರೆದು ಕೇಳಿದ್ದರೆ ಯಾರ ಬಾಯಲ್ಲೂ ಈ ಮಾತು ಬರುತ್ತಿರಲಿಲ್ಲ. ಕೌಂಟರಿನ ಹೊರಗಡೆ ನಿಂತು, ಒಳಗೆ ಏನು ನಡೆಯುತ್ತಿದೆಯೆಂದು ಗೊತ್ತಾಗದೆ ಕತ್ತು ಚಾಚುವವರನ್ನು ನೋಡಿದ ಕಣ್ಣಿಗಷ್ಟೇ ಹೊಳೆಯುವ ಸಂಗತಿ ಇದು.

ಬಿಸಿನೆಸ್ ಅನಲಿಸ್ಟ್ ಅನ್ನುವವರ ಕೆಲಸದ ರುಚಿ ಇರುವುದು ಇಂಥಲ್ಲಿ. ಮದುವೆಮನೆಯಲ್ಲಿ "ನೀವು ಏನ್ ಕೆಲಸ ಮಾಡೋದು?" ಎಂದು ಯಾರಾದರೂ ಕೇಳಿದರೆ ಈ ಜನ ಸ್ವಲ್ಪ ತಡವರಿಸುತ್ತಾರೆ. ಕೋಡ್ ಬರೆಯುವುದಿಲ್ಲ, ಟೆಸ್ಟಿಂಗ್ ಅಲ್ಲ, ಮ್ಯಾನೇಜರೂ ಅಲ್ಲ. ಹಾಗಾದರೆ? ಕೆಲಸ ಮಾಡಿಸಿಕೊಳ್ಳುವವರಿಗೂ ಸಾಫ್ಟ್‌ವೇರ್ ಕಟ್ಟುವವರಿಗೂ ನಡುವೆ ಕೂತು, ಯಾರೂ ಬಾಯಿಬಿಟ್ಟು ಹೇಳದಿದ್ದದ್ದನ್ನು ಬರಹಕ್ಕೆ ಇಳಿಸುವವರು. ಇದರಲ್ಲಿ ಸವಿಯುವುದಕ್ಕೆ ಏನಿದೆ ಎಂದರೆ, ಬಹಳ ಇದೆ. ಆದರೆ ಪ್ರಾಜೆಕ್ಟಿನೊಳಗೆ ಇಳಿದವರಿಗೇ ಅದು ಸಿಗುವುದು.

ಭೂಮಿ ಯೋಜನೆಯನ್ನೇ ಹಿಡಿದು ಹೇಳುತ್ತೇನೆ. 1999ರಿಂದ 2001ರ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಎನ್‌ಐಸಿಯವರ ಸಾಫ್ಟ್‌ವೇರಿನಲ್ಲಿ, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಆಗ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣು ಹೋಗುವುದು ಪಹಣಿಯ ಹಾಳೆಯ ಮೇಲೆ. ಕಂಪ್ಯೂಟರ್ ಬರುವ ಎಷ್ಟೋ ವರ್ಷ ಮೊದಲೇ ಯಾರೋ ಕೂತು ಗೆರೆ ಎಳೆದ ಹಾಳೆ ಅದು. ಜಮೀನಿನ ವಿಸ್ತೀರ್ಣ, ಅದರಲ್ಲಿ ಸಾಗುವಳಿಗೆ ಬಾರದ ಖರಾಬು ಎಷ್ಟು, ಕಂದಾಯ ಎಷ್ಟು, ಮಣ್ಣು ಎಂಥದ್ದು, ನೀರಿನ ಮೂಲ ಯಾವುದು, ಏನು ಬೆಳೆ, ಎಲ್ಲವೂ ಅದರಲ್ಲೇ. ಯಜಮಾನನ ಹೆಸರು 9ನೇ ಕಾಲಂನಲ್ಲಿ, ಸಾಲ ಮತ್ತು ಋಣಭಾರ 11ರಲ್ಲಿ, ಉಳುವವನ ವಿವರ 12ರಲ್ಲಿ. ಒಡೆಯ ಬೇರೆ, ಉಳುವವನು ಬೇರೆ ಆಗಿರಬಹುದು ಎಂದು ಗೊತ್ತಿದ್ದವರು ಹಾಕಿದ ಕಾಲಂಗಳು ಇವು. ಡೇಟಾ ಮಾಡೆಲ್ ಎಂದು ನಾವು ಈಗ ಯಾವುದನ್ನು ಕರೆಯುತ್ತೇವೋ ಅದು ಆ ಕಾಗದದಲ್ಲಿ ಆಗಲೇ ಇತ್ತು. ಹಳೆಯ ಫಾರಂಗಳನ್ನು 'ಔಟ್‌ಡೇಟೆಡ್' ಎಂದು ಪಕ್ಕಕ್ಕೆ ಸರಿಸುವ ಹೊಸಬರನ್ನು ಕಂಡರೆ ನನಗೆ ಸಣ್ಣ ಸಿಟ್ಟು ಬರುವುದು ಇದಕ್ಕೇ.

ಅದೇ ಹಾಳೆಯಲ್ಲಿ ವಿಸ್ತೀರ್ಣದ ಮನೆಯೊಂದಿದೆ, ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ನಮ್ಮ ಜನ ಸಲೀಸಾಗಿ 1.20 ಎಂದು ಬರೆದುಬಿಡುತ್ತಾರೆ. ಗುಂಟೆ ತಿಳಿಯದ ಡೆವಲಪರ್ ಅದನ್ನು ನೋಡಿದ ಕೂಡಲೇ ದಶಮಾಂಶ ಅಂದುಕೊಳ್ಳುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ 40 ಗುಂಟೆಗೆ ಒಂದು ಎಕರೆ. ಹಾಗಾಗಿ 1.20 ಅಂದರೆ ಒಂದೂವರೆ ಎಕರೆ. ಅಣ್ಣನದು 1.20, ತಮ್ಮನದು 1.20, ಕೂಡಿಸಿದರೆ ಮೂರು ಎಕರೆ. ಕಂಪ್ಯೂಟರಿಗೆ ಬಿಟ್ಟರೆ 2.40 ಅನ್ನುತ್ತದೆ. ಎಕರೆ-ಗುಂಟೆ ಲೆಕ್ಕದಲ್ಲಿ 2.40 ಅನ್ನುವ ಅಂಕಿಯೇ ಇಲ್ಲ, 2.39 ಆದ ಮೇಲೆ 3. ಗುಂಟೆಯ ಕೆಳಗೆ ಆಣೆ ಬೇರೆ, ಅಲ್ಲಿ ಹದಿನಾರಕ್ಕೊಂದು ಗುಂಟೆ. ಒಂದು ಚುಕ್ಕಿಯನ್ನು ಹೇಗೆ ಓದಬೇಕೆಂದು ಗೊತ್ತಿರದಿದ್ದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಡೇಟಾ ಡಿಕ್ಷನರಿ ಎಂಬ ಒಣ ಕಡತದಲ್ಲಿ 'ವಿಸ್ತೀರ್ಣ: ಮೂರು ಬೇರೆ ಬೇರೆ ಪೂರ್ಣಾಂಕ, ಆಣೆ 0ರಿಂದ 15, ಗುಂಟೆ 0ರಿಂದ 39' ಎಂದು ಒಬ್ಬ ಅನಲಿಸ್ಟ್ ಬರೆದಿಟ್ಟ ಸಾಲನ್ನು ಓದಿದರೆ ನನಗೆ ಒಳ್ಳೆ ಕಂದಪದ್ಯ ಓದಿದಷ್ಟು ಖುಷಿ. ಅತಿ ಅನ್ನಿಸಬಹುದು. ಇರಲಿ.

ಇನ್ನು ಮ್ಯುಟೇಷನ್. ಜಮೀನು ಕೈ ಬದಲಾಯಿತು, ಖಾತೆ ಬದಲಾಗಬೇಕು. ಕಂದಾಯ ಕಾಯ್ದೆಯ ದಾರಿ ಆಗ ಹೀಗಿತ್ತು: ವರದಿ ಬರುತ್ತದೆ, ಸಂಬಂಧಪಟ್ಟವರಿಗೆ ನೋಟಿಸ್ ಹೋಗುತ್ತದೆ, ಆಗಿನ ನಿಯಮದಂತೆ 30 ದಿನ ಕಾಯಬೇಕು, ಆಕ್ಷೇಪಣೆ ಬಾರದಿದ್ದರೆ ಕಂದಾಯ ನಿರೀಕ್ಷಕರು ಆದೇಶ ಮಾಡುತ್ತಾರೆ, ಬಂದರೆ ಅದು ತಕರಾರು ಪ್ರಕರಣವಾಗಿ ಮೇಲಿನವರ ಮುಂದೆ ಹೋಗುತ್ತದೆ. ಬಿಳಿ ಹಲಗೆಯ ಮೇಲೆ ಇದನ್ನು ಬರೆದರೆ ನಾಲ್ಕು ಡಬ್ಬಿ, ಒಂದು ವಜ್ರಾಕೃತಿ. ಇಲ್ಲಿಗೆ ಮುಗಿಯಿತು ಎಂದು ಮಾರ್ಕರಿಗೆ ಕ್ಯಾಪ್ ಹಾಕುವವರೂ ಇದ್ದಾರೆ.

ಪಳಗಿದ ಕೈ ಅಲ್ಲಿ ಕ್ಯಾಪ್ ತೆಗೆಯುತ್ತದೆ. 30 ದಿನ ಅಂದರೆ ನೋಟಿಸ್ ಹೊರಡಿಸಿದ ದಿನದಿಂದಲೋ, ತಲುಪಿದ ದಿನದಿಂದಲೋ? ಐದು ಜನ ಜಂಟಿ ಖಾತೆದಾರರಲ್ಲಿ ಒಬ್ಬನ ನೋಟಿಸ್ ತಲುಪಲೇ ಇಲ್ಲದಿದ್ದರೆ? ಮೂವತ್ತನೇ ದಿನ ಭಾನುವಾರ ಬಂದರೆ? ಆಕ್ಷೇಪಣೆ ಹಾಕಿದವನೇ ಆಮೇಲೆ ರಾಜಿಯಾಗಿ ವಾಪಸ್ ತೆಗೆದುಕೊಂಡರೆ ಅರ್ಜಿ ಹಳೆಯ ಸಾಲಿಗೆ ಮರಳುತ್ತದೋ, ಕೊನೆಗೆ ಹೋಗಿ ನಿಲ್ಲುತ್ತದೋ? ಕಾಯುವ ಅವಧಿಯಲ್ಲೇ ಅದೇ ಜಮೀನಿನ ಮೇಲೆ ಇನ್ನೊಂದು ಮಾರಾಟದ ಕಾಗದ ಬಂದರೆ? ಒಂದೊಂದು ಪ್ರಶ್ನೆಗೂ ಕೋಣೆಯಲ್ಲಿರುವ ಅಧಿಕಾರಿಗಳು ಮೊದಲು ನಗುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆಮೇಲೆ ತಮ್ಮತಮ್ಮಲ್ಲೇ ವಾದಕ್ಕೆ ಬೀಳುತ್ತಾರೆ. ಆ ವಾದ ಶುರುವಾದ ಗಳಿಗೆಯಲ್ಲಿ ಅನಲಿಸ್ಟ್ ಬಾಯಿ ಮುಚ್ಚಿ ಬರೆದುಕೊಳ್ಳಬೇಕು. ಮೀಟಿಂಗ್ ಹಾದಿ ತಪ್ಪಿತು ಎಂದು ಮ್ಯಾನೇಜರ್ ಗಡಿಯಾರ ನೋಡುವ ಹೊತ್ತಿಗೇ ಕೆಲಸ ನಡೆಯುತ್ತಿರುತ್ತದೆ.

ಮ್ಯುಟೇಷನ್ ಅರ್ಜಿಗಳಿಗೆ ಭೂಮಿಯಲ್ಲಿ ಒಂದು ಕಟ್ಟುಪಾಡು ಇತ್ತು: ಮೊದಲು ಬಂದದ್ದು ಮೊದಲು. ಬರೆದರೆ ಅರ್ಧ ಸಾಲು. ಆ ಅರ್ಧ ಸಾಲು ಸಾಫ್ಟ್‌ವೇರಿನೊಳಗೆ ಕೂತ ದಿನ 'ನಿಮ್ಮದು ಮೇಲೆ ಹಾಕ್ತೀನಿ, ಸ್ವಲ್ಪ ನೋಡ್ಕೊಳ್ಳಿ' ಅನ್ನುವ ಮಾತಿಗೆ ಆಧಾರವಿಲ್ಲದಂತಾಯಿತು. ಪಾಸ್‌ವರ್ಡ್ ಬದಲಿಗೆ ಸಿಬ್ಬಂದಿಯ ಬೆರಳಚ್ಚು ಇಟ್ಟದ್ದೂ ಹಾಗೆಯೇ. ಪಾಸ್‌ವರ್ಡ್ ಯಾರದೋ ಕದ್ದರು ಅನ್ನಬಹುದು, ಹೆಬ್ಬೆರಳನ್ನು ಕದ್ದರು ಅನ್ನಲಾಗುವುದಿಲ್ಲ.

ಸಾಲು ಅಂದೆ. ಈ ಕಸುಬಿನಲ್ಲಿ ವಾಕ್ಯ ಕಟ್ಟುವ ಸುಖವೇ ಬೇರೆ. 'ಅರ್ಜಿಗಳನ್ನು ಆದಷ್ಟು ಬೇಗ ವಿಲೇವಾರಿ ಮಾಡತಕ್ಕದ್ದು' ಎಂಬುದು ಸರ್ಕಾರಿ ಸುತ್ತೋಲೆಗೆ ಸಾಕು, ಟೆಸ್ಟರ್‌ಗೆ ಸಾಲದು. 'ನೋಟಿಸ್ ಅವಧಿ ಮುಗಿದು ಯಾವ ಆಕ್ಷೇಪಣೆಯೂ ದಾಖಲಾಗಿರದಿದ್ದರೆ, ಮರುದಿನದ ಕೆಲಸದ ಪಟ್ಟಿಯಲ್ಲಿ ಆ ಅರ್ಜಿ ಕಂದಾಯ ನಿರೀಕ್ಷಕರಿಗೆ ಕಾಣಬೇಕು' ಎಂಬುದನ್ನು ಇಬ್ಬರು ಎರಡು ರೀತಿ ಓದುವಂತಿಲ್ಲ. 2009ರಲ್ಲಿ ರೋಲ್ಸ್-ರಾಯ್ಸ್‌ನ ಅಲಿಸ್ಟೇರ್ ಮೇವಿನ್ ಮತ್ತು ಸಂಗಡಿಗರು ವಿಮಾನದ ಎಂಜಿನ್ ನಿಯಂತ್ರಣ ವ್ಯವಸ್ಥೆಗಾಗಿ ಸುರಕ್ಷತಾ ನಿಯಮಗಳನ್ನು ಬಿಡಿಸಿ ನೋಡುವಾಗ ಇಂಥ ವಾಕ್ಯಗಳಿಗೆ ಕೆಲವೇ ಅಚ್ಚುಗಳು ಸಾಕೆಂದು ಕಂಡುಕೊಂಡರು. ಇಂಥದ್ದು ನಡೆದಾಗ ಇದಾಗಬೇಕು, ಇಂಥ ಸ್ಥಿತಿ ಇರುವಷ್ಟು ಕಾಲ ಇದಿರಬೇಕು, ಎಡವಟ್ಟಾದರೆ ಹೀಗೆ. ಅವರ ಈ ಪದ್ಧತಿಗೆ ಇಯರ್ಸ್ ಎಂದು ಹೆಸರು. ಆಕಾಶದ ಎಂಜಿನ್ನಿಗೆ ಹುಟ್ಟಿದ ಅಚ್ಚು ನಮ್ಮ ಖಾತೆ ಬದಲಾವಣೆಗೂ ಒಗ್ಗುತ್ತದೆ. ಸಂಧ್ಯಾವಂದನೆಯಂತೆ ದಿನಾ 'ಬಳಕೆದಾರನಾಗಿ ನನಗೆ ಇದು ಬೇಕು' ಎಂಬ ಯೂಸರ್ ಸ್ಟೋರಿ ಜಪಿಸುವುದಕ್ಕಿಂತ ಇದನ್ನು ಒಮ್ಮೆ ಕೈಗೆ ಹತ್ತಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಈ ಕಸುಬಿಗೂ ಪುಸ್ತಕಗಳಿವೆ. ಬಿಸಿನೆಸ್ ಅನಲಿಸ್ಟರ ಅಂತರರಾಷ್ಟ್ರೀಯ ಸಂಸ್ಥೆಯಾದ ಐಐಬಿಎಯ ಕೈಪಿಡಿ ಬ್ಯಾಬಾಕ್, ಅದರ ಮೂರನೇ ಆವೃತ್ತಿ 2015ರದ್ದು. ಗಟ್ಟಿ ಪುಸ್ತಕ, ಓದಬೇಕು. ಸರ್ಟಿಫಿಕೇಟ್ ಬೇಕಾದವರು ಅದನ್ನೂ ತೆಗೆದುಕೊಳ್ಳಲಿ, ಕೆಲಸ ಹುಡುಕುವಾಗ ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳುವುದಕ್ಕಿಲ್ಲ.

ಮಾತಾಡಿಸುವ ವಿದ್ಯೆಯ ಬಗ್ಗೆ ಹೇಳುವುದಿದೆ. ಟೊಯೊಟಾದ ತೈಚಿ ಓನೊ ಅವರ ಹೆಸರಿನಲ್ಲಿ ಐದು ಸಲ 'ಯಾಕೆ' ಕೇಳುವ ಪದ್ಧತಿಯೊಂದು ಪ್ರಸಿದ್ಧವಾಗಿದೆ. ಯಂತ್ರ ನಿಂತದ್ದೇಕೆ ಎಂದು ತಿಳಿಯಲು ಅದು ಸೊಗಸಾದ ಸಾಧನ. ನಮ್ಮ ಕಚೇರಿಯ ಗುಮಾಸ್ತರ ಎದುರು ಕೂತು ಐದು ಸಲ 'ಯಾಕೆ' ಅಂದರೆ ಮೂರನೆಯದಕ್ಕೇ ಲೋಕಾಯುಕ್ತರ ವಿಚಾರಣೆಯಂತೆ ಕೇಳಿಸುತ್ತದೆ. 'ಸಾಮಾನ್ಯವಾಗಿ ಹೇಗೆ ಮಾಡ್ತೀರಿ?' ಅಂದರೂ ಪ್ರಯೋಜನವಿಲ್ಲ, ರೂಲ್ ಬುಕ್ ಒಪ್ಪಿಸುತ್ತಾರೆ. 'ಹೋದ ವಾರ ಬಂದವರಲ್ಲಿ ಯಾರದು ನಿಮಗೆ ತಲೆನೋವಾಯ್ತು?' ಎಂದು ಕೇಳಿ ನೋಡಬೇಕು. ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಒಂದು ಸಹಕಾರಿ ಸೊಸೈಟಿಯಲ್ಲಿ ಬೆಳೆಸಾಲದ ಲೆಕ್ಕ ನೋಡುತ್ತಿದ್ದ ಹೆಣ್ಣುಮಗಳೊಬ್ಬರ ಪಕ್ಕ ಕೂತಿದ್ದೆ. "ಎಲ್ಲಾ ಕಂಪ್ಯೂಟರಲ್ಲೇ ಇದೆ ಸಾರ್" ಅಂದರು. ಅನ್ನುವಾಗಲೇ ಮೊಣಕೈ ಕೆಳಗೊಂದು ಉದ್ದನೆಯ ನೋಟ್‌ಬುಕ್.

"ಇದೇನು ಮೇಡಂ?"

"ಅಯ್ಯೋ, ಅದು ಸುಮ್ನೆ ಸಾರ್, ನನ್ನ ಅನುಕೂಲಕ್ಕೆ."

ಬಿಡಿಸಿ ತೋರಿಸಿದರು. ನಿಂಗಪ್ಪ ಬಿನ್ ಬಸಪ್ಪ ಎಂಬ ಒಂದೇ ಹೆಸರಿನ ಸದಸ್ಯರು ಆ ಊರಲ್ಲಿ ಹಲವರು. ಒಂದೊಂದು ಸದಸ್ಯತ್ವ ಸಂಖ್ಯೆಯ ಎದುರಿಗೂ ಪೆನ್ಸಿಲಿನಲ್ಲಿ ಗುರುತು: ಕೆರೆ ಮಗ್ಗುಲವರು, ಟೈಲರ್, ಬೆಂಗಳೂರಿಗೆ ಹೋದೋರು, ಮೂರ್ನೇ ಹೆಂಡ್ತಿ ಮಗ. ಕೊನೆಯದನ್ನು ಬೆರಳಿನಿಂದ ಮುಚ್ಚಿ ನಕ್ಕರು. ಸಾಲ ಕಟ್ಟಲು ಬಂದವರು ತಮ್ಮ ಸಂಖ್ಯೆ ಹೇಳುವುದಿಲ್ಲ, "ನಾನೇ ಕಣವ್ವ, ಕೆರೆ ಮಗ್ಗುಲ ನಿಂಗ" ಅನ್ನುತ್ತಾರೆ. ಸೊಸೈಟಿಯ ಕಾರ್ಯದರ್ಶಿಗಳು ನಮಗೆ ಕೊಟ್ಟ ಬೇಡಿಕೆಗಳ ಪಟ್ಟಿಯಲ್ಲಿ ಇದರ ಸುಳಿವೇ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಅವರ ಪ್ರಕಾರ ಆ ನೋಟ್‌ಬುಕ್ಕೇ ಇಲ್ಲ. ಹುಡುಕುವ ಪರದೆಗೆ 'ಊರಲ್ಲಿ ಕರೆಯುವ ಹೆಸರು' ಎಂಬ ಒಂದು ಮನೆ ಸೇರಿತು. ಕಂಪ್ಯೂಟರ್ ಇರುವ ಪ್ರತಿ ಮೇಜಿನ ಮೇಲೂ ಇಂಥ ಒಂದು ನೋಟ್‌ಬುಕ್, ಇಲ್ಲವೇ ಹಳದಿ ಚೀಟಿ, ಇಲ್ಲವೇ ಡೆಸ್ಕ್‌ಟಾಪಿನ ಮೂಲೆಯಲ್ಲೊಂದು 'ಹೊಸದು_ಕೊನೆಯದು_2' ಎಂಬ ಎಕ್ಸೆಲ್ ಕಡತ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ಎಲ್ಲಿ ಕೈಕೊಟ್ಟಿದೆಯೋ ಅಲ್ಲಿ ಮನುಷ್ಯರು ಹಾಕಿಕೊಂಡ ತೇಪೆ ಅದು. ಎಷ್ಟು ಅಂದವಾಗಿ ಹಾಕಿರುತ್ತಾರೆ!

ಮೆಚ್ಚಿದೆ ಎಂದ ಮಾತ್ರಕ್ಕೆ ಭೂಮಿಯಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಅದನ್ನು ಕಟುವಾಗಿ ವಿಮರ್ಶಿಸಿದರು. ಹಳ್ಳಿಯಲ್ಲಿದ್ದ ದಾಖಲೆಯ ಹಿಡಿತ ತಾಲ್ಲೂಕಿಗೆ ಹೋಯಿತು, ದೊಡ್ಡವರಿಗೆ ಜಮೀನು ಕೊಳ್ಳುವುದು ಸಲೀಸಾಯಿತು ಎಂಬುದು ಅವರ ತಕರಾರಿನ ತಿರುಳು. ಈ ಕಸುಬು ಕಲಿಯುವವರು ಹೊಗಳಿಕೆಯ ಕೇಸ್ ಸ್ಟಡಿಯ ಜೊತೆಗೆ ಇದನ್ನೂ ಓದಬೇಕು. ಕಾಲಂಗೆ ಒಗ್ಗದ ಹಕ್ಕುಗಳು ಎಷ್ಟೋ ಇವೆ: ಬಾಯಿಮಾತಿನ ಗೇಣಿ, ಮನೆಯೊಳಗೇ ಒಪ್ಪಿಕೊಂಡ ಪಾಲು, ಕಾಗದಕ್ಕೆ ಹತ್ತದ ಹೆಣ್ಣುಮಕ್ಕಳ ಭಾಗ. ಕೋಣೆಗೆ ಯಾರನ್ನು ಕರೆದಿರಲಿಲ್ಲ ಎಂದು ನೋಡುವುದೂ ಅನಲಿಸ್ಟನ ಕೆಲಸವೇ.

ಆದ್ದರಿಂದ ಸ್ಟೇಕ್‌ಹೋಲ್ಡರ್ ಪಟ್ಟಿ ಅನ್ನುವುದನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲಿನ ಸಾಲುಗಳಲ್ಲಿ ಯಾರಿರುತ್ತಾರೆಂದು ಗೊತ್ತೇ ಇದೆ. ಕೆಳಗಡೆ, ಈ ವ್ಯವಸ್ಥೆ ಬಂದರೆ ಕಳೆದುಕೊಳ್ಳುವವರು ಯಾರು ಎಂದು ಬರೆದಿದ್ದರೆ ಪಟ್ಟಿ ಮಾಡಿದವರಿಗೆ ಕಸುಬು ಬಂದಿದೆ. ಭೂಮಿಯ ವಿಷಯದಲ್ಲಿ ಆ ಸಾಲಿನಲ್ಲಿದ್ದವರು ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು. ಪಹಣಿಯ ಕಟ್ಟು ಅವರ ಕಂಕುಳಲ್ಲಿತ್ತು, ಊರಿನಲ್ಲಿ ಅವರ ಮರ್ಯಾದೆಯೂ ಅದರೊಳಗೇ ಇತ್ತು. ಅವರನ್ನು ಹೊರಗಿಟ್ಟು ದಾಖಲೆ ತುಂಬಿಸಲು ಹೋಗಿದ್ದರೆ ಏನಾಗುತ್ತಿತ್ತೋ. ಹಾಗೆ ಮಾಡಲಿಲ್ಲ. ಕಂಪ್ಯೂಟರಿಗೆ ಹತ್ತಿಸಿದ್ದನ್ನು ಮುದ್ರಿಸಿ, ಮೂಲ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸವನ್ನು ಅವರ ಕೈಗೇ ಕೊಟ್ಟರು. ಕೇಂದ್ರದಲ್ಲಿ ಕೂರಿಸಲೂ ಅದೇ ವೃಂದಕ್ಕೆ ಹೊಸದಾಗಿ ಸೇರಿದವರನ್ನು ಆರಿಸಿದರು.